ಉರಿಮೂತ್ರ: ಲಜ್ಜೆಯು ಮೌನವಾಗದಿರಲಿ

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಅಲ್ಲಾಹನನ್ನು ಸ್ತುತಿಸುತ್ತಾ, ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್ ಹೇಳುತ್ತಾ ನನ್ನ ಮಾತನ್ನು ಆರಂಭಿಸುತ್ತೇನೆ.

ನಮ್ಮ ಸಭೆಗಳಲ್ಲಿ ಶಿಕ್ಷಣದ ಕುರಿತು, ವರದಕ್ಷಿಣೆಯ ಕುರಿತು, ಬಡ್ಡಿಯ ಕುರಿತು ಸಾಕಷ್ಟು ಚರ್ಚೆಗಳಾಗಿವೆ. ಇಂದು ನನಗೆ ವಹಿಸಲಾಗಿರುವ ವಿಷಯವು ಇಂತಹ ವೇದಿಕೆಗಳಲ್ಲಿ ಹೆಸರೆತ್ತದೆ ಉಳಿದುಬಿಡುವಂಥದ್ದು. ಮಹಿಳೆಯರನ್ನು ಕಾಡುವ ಮೂತ್ರನಾಳದ ಸೋಂಕು, ಅಂದರೆ ನಾವು ಮನೆಗಳಲ್ಲಿ ಉರಿಮೂತ್ರವೆಂದು ಕರೆಯುವ ತೊಂದರೆ, ಮತ್ತು ಅದಕ್ಕಾಗಿ ನಾವು ಮೊದಲು ತಟ್ಟುವ ಬಾಗಿಲಾದ ಔಷಧಿ ಅಂಗಡಿ. ಆ ಬಾಗಿಲಿನಲ್ಲಿ ನಾವು ಏನನ್ನು ಕೇಳಬೇಕು, ಏನನ್ನು ಕೇಳಬಾರದು ಎಂಬುದೇ ನನ್ನ ಮಾತಿನ ತಿರುಳು.

ಕೆಲವರಿಗೆ ಈ ವಿಷಯವನ್ನು ಸಾರ್ವಜನಿಕವಾಗಿ ಪ್ರಸ್ತಾಪಿಸುವುದೇ ಅನುಚಿತವೆನಿಸಬಹುದು. ಲಜ್ಜೆಯು ಈಮಾನಿನ ಒಂದು ಶಾಖೆಯೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ, ಅದರಲ್ಲಿ ಸಂದೇಹವಿಲ್ಲ. ಆದರೆ ಅದೇ ಪ್ರವಾದಿಯವರ(ಸ) ಬಳಿಗೆ ಹಝ್ರತ್ ಉಮ್ಮು ಸುಲೈಮ್(ರ) ಬಂದು, ಸತ್ಯವನ್ನು ಅರಿಯಲು ಸಂಕೋಚ ಅಡ್ಡಬರಬಾರದೆಂಬ ಪೀಠಿಕೆಯೊಂದಿಗೆ, ಸ್ನಾನದ ವಿಧಿಗೆ ಸಂಬಂಧಿಸಿದ ಅತ್ಯಂತ ಖಾಸಗಿಯಾದ ಪ್ರಶ್ನೆಯೊಂದನ್ನು ಕೇಳಿದರು. ಪ್ರವಾದಿಯವರು(ಸ) ಆಕೆಯನ್ನು ಗದರಿಸಲಿಲ್ಲ, ಉತ್ತರ ನೀಡಿದರು. ಅನ್ಸಾರ್ ಮಹಿಳೆಯರ ಲಜ್ಜೆಯು ಅವರ ಧಾರ್ಮಿಕ ತಿಳುವಳಿಕೆಗೆ ತಡೆಯಾಗಲಿಲ್ಲವೆಂದು ಹಝ್ರತ್ ಆಯಿಷಾ(ರ) ಪ್ರಶಂಸಿಸಿದ್ದಾರೆ. ಶರೀರವು ಅಲ್ಲಾಹನು ನಮಗೆ ವಹಿಸಿಕೊಟ್ಟ ಅಮಾನತ್ತು. ಅದರ ನೋವನ್ನು ಸಭ್ಯವಾದ ಮಾತುಗಳಲ್ಲಿ, ತಿಳಿದವರ ಮುಂದೆ ಹೇಳಿಕೊಳ್ಳುವುದು ಲಜ್ಜೆಗೆ ವಿರುದ್ಧವಾದುದಲ್ಲ. ಬಾಯಿ ಮುಚ್ಚಿಕೊಂಡು ಕಿಡ್ನಿಯನ್ನು ಕೆಡಿಸಿಕೊಳ್ಳುವುದಕ್ಕೆ ಲಜ್ಜೆಯೆಂಬ ಪವಿತ್ರವಾದ ಹೆಸರನ್ನು ಕೊಡಬೇಡಿ.

ಮೊದಲು ರೋಗವನ್ನು ಅರ್ಥಮಾಡಿಕೊಳ್ಳೋಣ. ಮೂತ್ರಕೋಶದಿಂದ ಹೊರಕ್ಕೆ ಬರುವ ನಾಳವು ಪುರುಷರಲ್ಲಿ ಸುಮಾರು 20 ಸೆಂಟಿಮೀಟರ್ ಉದ್ದವಿದ್ದರೆ, ಮಹಿಳೆಯರಲ್ಲಿ ಕೇವಲ 4 ಸೆಂಟಿಮೀಟರ್‌ನಷ್ಟಿರುತ್ತದೆ. ಅದರ ಬಾಯಿ ಮಲದ್ವಾರಕ್ಕೆ ಸಮೀಪದಲ್ಲಿರುತ್ತದೆ. ಕರುಳಿನಲ್ಲಿ ನಿರುಪದ್ರವಿಯಾಗಿ ವಾಸಿಸುವ ಈ-ಕೋಲಿ ಎಂಬ ಬ್ಯಾಕ್ಟೀರಿಯಾ ಆ ಕಿರುದಾರಿಯಲ್ಲಿ ಏರಿ ಮೂತ್ರಕೋಶವನ್ನು ಸೇರಿದಾಗ ಸೋಂಕು ಉಂಟಾಗುತ್ತದೆ. ಇಂತಹ ಸೋಂಕುಗಳಲ್ಲಿ ಬಹುಪಾಲು ಅದರಿಂದಲೇ ಆಗುವಂಥವು. ಮೂತ್ರ ಮಾಡುವಾಗ ಉರಿ, ಪದೇಪದೇ ಹೋಗಬೇಕೆನಿಸುವುದು, ಹೋದರೂ ಹನಿಹನಿಯಾಗಿ ಬರುವುದು, ರಾತ್ರಿ ಹಲವು ಬಾರಿ ಏಳಬೇಕಾಗುವುದು, ಮೂತ್ರ ಕದಡಿದಂತಿರುವುದು, ಕಿಬ್ಬೊಟ್ಟೆಯಲ್ಲಿ ನೋವು - ಇವು ಅದರ ಲಕ್ಷಣಗಳು. ಸರಿಸುಮಾರು ಇಬ್ಬರು ಮಹಿಳೆಯರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುತ್ತಾರೆ. ಆದ್ದರಿಂದ ಇದು ಯಾರದೇ ನಡತೆಗೆ ಅಂಟುವ ಕಳಂಕವಲ್ಲ. ಮದುವೆಯಾದ ಹೊಸತರಲ್ಲಿ ಸೊಸೆಗೆ ಉರಿಮೂತ್ರ ಬಂದರೆ ಅವಳನ್ನು ಸಂಶಯದಿಂದ ನೋಡುವ ಅತ್ತೆಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ದಾಂಪತ್ಯ ಸಂಬಂಧದ ಸಮಯದಲ್ಲಿ ಬ್ಯಾಕ್ಟೀರಿಯಾ ಒಳಸೇರುವ ಸಾಧ್ಯತೆ ಹೆಚ್ಚಿರುವುದರಿಂದ ಹಾಗಾಗುತ್ತದೆ. ಅನಂತರ ಬೇಗನೆ ಮೂತ್ರ ವಿಸರ್ಜಿಸುವುದು ಒಳ್ಳೆಯ ಅಭ್ಯಾಸ.

ಇನ್ನು ನಮ್ಮ ಊರುಗಳಲ್ಲಿ ಏನು ನಡೆಯುತ್ತಿದೆಯೆಂದು ನೋಡೋಣ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವರಿಗೆಲ್ಲ ಈ ದೃಶ್ಯ ಪರಿಚಿತ. ಮೊದಲ ಎರಡು ದಿನ ಮಹಿಳೆ ಯಾರಿಗೂ ಹೇಳುವುದಿಲ್ಲ. ಬಾರ್ಲಿ ನೀರು, ಎಳನೀರು, ಜೀರಿಗೆ ನೀರು ಕುಡಿಯುತ್ತಾಳೆ. ಮೂರನೆಯ ದಿನ ಗಂಡನನ್ನೋ ಮಗನನ್ನೋ ಮೆಡಿಕಲ್‌ಗೆ ಕಳುಹಿಸುತ್ತಾಳೆ. ಆತನಿಗೂ ಸಂಕೋಚ, ಅಂಗಡಿಯಲ್ಲಿ ಇತರ ಗಿರಾಕಿಗಳಿದ್ದಾರೆ. ತಗ್ಗಿದ ದನಿಯಲ್ಲಿ, 'ಮನೆಯವರಿಗೆ ಉರಿಗೆ ಏನಾದರೂ ಕೊಡಿ' ಎನ್ನುತ್ತಾನೆ. ಅಂಗಡಿಯವನು ಮರುಪ್ರಶ್ನೆ ಕೇಳದೆ ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ ಕತ್ತರಿಸಿ, ಒಂದು ಸಿರಪ್ ಸೇರಿಸಿ ಕಾಗದದ ಲಕೋಟೆಯಲ್ಲಿ ಹಾಕಿ ಕೊಡುತ್ತಾನೆ. ಕತ್ತರಿಸಿದ ತುಂಡಿನಲ್ಲಿ ಔಷಧದ ಹೆಸರೂ ಇಲ್ಲ, ಅವಧಿ ಮುಗಿಯುವ ದಿನಾಂಕವೂ ಇಲ್ಲ. ರೋಗಿ ಗರ್ಭಿಣಿಯೋ, ಸಕ್ಕರೆ ಕಾಯಿಲೆಯುಳ್ಳವಳೋ, ಜ್ವರವಿದೆಯೋ - ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಎರಡು ಮಾತ್ರೆ ನುಂಗಿದಾಗ ಉರಿ ತಗ್ಗುತ್ತದೆ; ಉಳಿದೆರಡು ಮುಂದಿನ ಬಾರಿಗೆಂದು ಕಪಾಟು ಸೇರುತ್ತವೆ. ತಿಂಗಳೊಳಗೆ ಸೋಂಕು ಮರಳಿದಾಗ ಆ ಮಾತ್ರೆಗೆ ಅದು ಬಗ್ಗುವುದಿಲ್ಲ.

ಇದು ಔಷಧಿ ಅಂಗಡಿಯ ಸಹಾಯವಲ್ಲ, ಬರೀ ಮಾರಾಟ. ನಿಜವಾದ ಸಹಾಯ ಹೇಗಿರಬಹುದು ಎನ್ನುವುದಕ್ಕೆ ಬೇರೆ ದೇಶಗಳ ಉದಾಹರಣೆ ನಮ್ಮ ಮುಂದಿದೆ. ನ್ಯೂಝಿಲೆಂಡ್‌ನಲ್ಲಿ 2012ರಿಂದಲೇ ವಿಶೇಷ ತರಬೇತಿ ಪಡೆದ ಫಾರ್ಮಸಿಸ್ಟರಿಗೆ ಸರಳ ಸ್ವರೂಪದ ಮೂತ್ರ ಸೋಂಕಿಗೆ ನಿರ್ದಿಷ್ಟ ಔಷಧ ನೀಡುವ ಅವಕಾಶವಿದೆ. ಕೆನಡದ ಒಂಟಾರಿಯೊ ಪ್ರಾಂತದಲ್ಲಿ 2023ರ ಜನವರಿಯಿಂದ ಇಂತಹ ವ್ಯವಸ್ಥೆ ಬಂದಿದೆ. ಇಂಗ್ಲೆಂಡಿನಲ್ಲಿ 2024ರ ಜನವರಿ 31ರಂದು 'ಫಾರ್ಮಸಿ ಫಸ್ಟ್' ಎಂಬ ಯೋಜನೆ ಆರಂಭವಾಯಿತು. ಅದರಲ್ಲಿ ಸೇರಿಸಲಾದ ಏಳು ಸಾಮಾನ್ಯ ತೊಂದರೆಗಳಲ್ಲಿ ಮಹಿಳೆಯರ ಮೂತ್ರ ಸೋಂಕೂ ಒಂದು.

ಅಲ್ಲಿ ಫಾರ್ಮಸಿಸ್ಟ್ ಮನಬಂದಂತೆ ಮಾತ್ರೆ ಕೊಡುವುದಿಲ್ಲವೆಂಬುದನ್ನು ಗಮನಿಸಬೇಕು. 16ರಿಂದ 64 ವರ್ಷದೊಳಗಿನ, ಗರ್ಭಿಣಿಯಲ್ಲದ ಮಹಿಳೆಯರಿಗೆ ಮಾತ್ರ ಈ ಸೇವೆ. ಅಂಗಡಿಯೊಳಗಿನ ಪ್ರತ್ಯೇಕ ಕೋಣೆಯಲ್ಲಿ ಮಾತುಕತೆ ನಡೆಯುತ್ತದೆ. ಉರಿಯಿದೆಯೇ, ರಾತ್ರಿ ಏಳುವುದು ಹೊಸದಾಗಿ ಆರಂಭವಾಗಿದೆಯೇ, ಮೂತ್ರ ಕದಡಿದೆಯೇ ಎಂಬ ಮೂರು ಲಕ್ಷಣಗಳಲ್ಲಿ ಕನಿಷ್ಠ ಎರಡಾದರೂ ಇದ್ದರೆ, ಬೇರೆ ಅಡ್ಡಿಗಳಿಲ್ಲದಿದ್ದರೆ, ನೈಟ್ರೋಫ್ಯುರಾಂಟೊಯಿನ್ ಎಂಬ ಒಂದೇ ಔಷಧವನ್ನು ಮೂರು ದಿನಗಳ ಮಟ್ಟಿಗೆ ನೀಡಬಹುದು. ಜ್ವರ, ಬೆನ್ನಿನ ಪಕ್ಕದ ನೋವು ಮೊದಲಾದ ಅಪಾಯದ ಚಿಹ್ನೆಗಳಿದ್ದರೆ ಅಥವಾ ಸೋಂಕು ಪದೇಪದೇ ಬರುತ್ತಿದ್ದರೆ ವೈದ್ಯರ ಬಳಿಗೆ ಕಳುಹಿಸಬೇಕು. ಕೊಟ್ಟ ಔಷಧದ ವಿವರ ಆಕೆಯ ವೈದ್ಯರಿಗೆ ತಲುಪಬೇಕು. ಅಂದರೆ ಪ್ರಶ್ನೆ, ಪರಿಶೀಲನೆ, ದಾಖಲೆ ಈ ಮೂರೂ ಅಲ್ಲಿವೆ. ನಮ್ಮಲ್ಲಿ ಮಾತ್ರೆಯೊಂದೇ ಇದೆ.

ಭಾರತದ ಕಾನೂನು ಬೇರೆಯಾಗಿದೆ. 1945ರ ಔಷಧ ನಿಯಮಗಳ ಷೆಡ್ಯೂಲ್ ಎಚ್ ಪಟ್ಟಿಯಲ್ಲಿರುವ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರುವಂತಿಲ್ಲ. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಎಚ್-1 ಪಟ್ಟಿಯಲ್ಲಿ ಸೆಫಿಕ್ಸಿಮ್, ಲಿವೋಫ್ಲಾಕ್ಸಸಿನ್ ಮುಂತಾದ ಆ್ಯಂಟಿಬಯೋಟಿಕ್‌ಗಳಿವೆ; ಇವನ್ನು ಮಾರಿದಾಗ ವೈದ್ಯರ ಹಾಗೂ ರೋಗಿಯ ಹೆಸರನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಚೀಟಿಯಿಲ್ಲದೆ ಕೊಳ್ಳಬಾರದ ಔಷಧಗಳನ್ನು ಜನಸಾಮಾನ್ಯರೂ ಗುರುತಿಸಲಿ ಎಂದು ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಯ ಬಗ್ಗೆ ಕೇಂದ್ರ ಸರಕಾರ 2016ರಲ್ಲಿ ಪ್ರಚಾರಾಂದೋಲನ ನಡೆಸಿತು. ಆದ್ದರಿಂದ ನಮ್ಮ ಫಾರ್ಮಸಿಸ್ಟ್ ತಾನಾಗಿ ಆ್ಯಂಟಿಬಯೋಟಿಕ್ ಕೊಡುವಂತಿಲ್ಲ; ನಾವೂ ಅದನ್ನು ಕೇಳಬಾರದು.

ಇದು ಬರೀ ಕಾನೂನಿನ ಪ್ರಶ್ನೆಯೂ ಅಲ್ಲ. ಅರೆಬರೆ ಆ್ಯಂಟಿಬಯೋಟಿಕ್ ಸೇವನೆಯಿಂದ ಬ್ಯಾಕ್ಟೀರಿಯಾಗಳು ಔಷಧಕ್ಕೆ ಮಣಿಯದಂತಾಗುತ್ತವೆ. 2019ರ ಒಂದೇ ವರ್ಷದಲ್ಲಿ ಹೀಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಮಂದಿ ಮೃತಪಟ್ಟರೆಂದು ಅಂದಾಜಿಸಲಾಗಿದೆ. ಉರಿಮೂತ್ರಕ್ಕೆಂದು ನಮ್ಮ ಊರುಗಳಲ್ಲಿ ಧಾರಾಳವಾಗಿ ಮಾರಾಟವಾದ ಸಿಪ್ರೊಫ್ಲಾಕ್ಸಸಿನ್, ನಾರ್ಫ್ಲಾಕ್ಸಸಿನ್ ವರ್ಗದ ಮಾತ್ರೆಗಳಿಗೆ ಭಾರತದ ಈ-ಕೋಲಿ ಬಹುಮಟ್ಟಿಗೆ ಬಗ್ಗದಂತಾಗಿದೆ. ಈ ವರ್ಗದ ಔಷಧಗಳಿಂದ ಸ್ನಾಯುರಜ್ಜು, ನರಗಳಿಗೆ ಹಾನಿಯಾಗುವ ಸಂಭವವಿರುವುದರಿಂದ, ಬೇರೆ ಔಷಧವಿರುವಾಗ ಸರಳ ಮೂತ್ರ ಸೋಂಕಿಗೆ ಇವನ್ನು ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2016ರಲ್ಲಿ ಸಲಹೆ ನೀಡಿತು. ನಾವು ಕಪಾಟಿನಲ್ಲಿಟ್ಟ ಎರಡು ಮಾತ್ರೆಗಳ ಪರಿಣಾಮವನ್ನು ನಾಳೆ ನಮ್ಮದೇ ಮಕ್ಕಳು, ನೆರೆಯವರು ಅನುಭವಿಸಬೇಕಾಗುತ್ತದೆ. ನೆರೆಯವರ ಹಕ್ಕಿನ ಬಗ್ಗೆ ಮಾತಾಡುವ ನಾವು ಇದನ್ನೂ ಆ ಹಕ್ಕಿನೊಳಗೆ ಸೇರಿಸಿಕೊಳ್ಳಬೇಕು.

ಹಾಗಾದರೆ ಫಾರ್ಮಸಿಸ್ಟರಿಂದ ಪ್ರಯೋಜನವೇನು? ಬಹಳಷ್ಟಿದೆ. ರೋಗಿಗೆ ತಿಳಿಹೇಳುವುದು ಅವರ ಕರ್ತವ್ಯದ ಭಾಗವೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯಲ್ಲೂ ಸ್ಪಷ್ಟವಾಗಿದೆ.

ಮೊದಲನೆಯದಾಗಿ, ನಿಮ್ಮ ಲಕ್ಷಣಗಳನ್ನು ಆಲಿಸಿ, ಇಂದೇ ವೈದ್ಯರನ್ನು ಕಾಣಬೇಕೇ ಅಥವಾ ಈಗಲೇ ಆಸ್ಪತ್ರೆಗೆ ಹೋಗಬೇಕೇ ಎಂದು ಅವರು ಹೇಳಬಲ್ಲರು. ಎರಡನೆಯದಾಗಿ, ಮೂತ್ರ ಪರೀಕ್ಷೆಗೆ ಬೇಕಾದ ಶುಚಿಯಾದ ಡಬ್ಬಿ ಅವರಲ್ಲಿ ಸಿಗುತ್ತದೆ. ಮೊದಲ ಹನಿಗಳನ್ನು ಬಿಟ್ಟು ನಡುವಿನ ಧಾರೆಯನ್ನು ಹಿಡಿಯಬೇಕೆಂದೂ, ಕಲ್ಚರ್ ಪರೀಕ್ಷೆ ಮಾಡಿಸುವುದಿದ್ದರೆ ಆ್ಯಂಟಿಬಯೋಟಿಕ್‌ನ ಮೊದಲ ಮಾತ್ರೆಗೆ ಮುಂಚೆಯೇ ಮೂತ್ರವನ್ನು ಕೊಡಬೇಕೆಂದೂ ಅವರು ವಿವರಿಸಬಲ್ಲರು. ಮೂರನೆಯದಾಗಿ, ವೈದ್ಯರನ್ನು ಕಾಣುವವರೆಗಿನ ನೋವಿಗೆ ಪ್ಯಾರಸಿಟಮಾಲ್‌ನಂತಹ ಔಷಧವನ್ನು ಸರಿಯಾದ ಪ್ರಮಾಣದಲ್ಲಿ ಸೂಚಿಸಬಲ್ಲರು. ಕಿಡ್ನಿ ದುರ್ಬಲವಾಗಿರುವವರು ಮತ್ತು ಗರ್ಭಿಣಿಯರು ಯಾವ ನೋವುನಿವಾರಕವನ್ನು ಮುಟ್ಟಬಾರದೆಂದು ಎಚ್ಚರಿಸಬಲ್ಲರು.

ನಾಲ್ಕನೆಯದಾಗಿ, ಉರಿ ತಗ್ಗಿಸುವ ಸಿರಪ್ಪಿನ ವಿಷಯ. ಮೂತ್ರದ ಆಮ್ಲತೆಯನ್ನು ಕಡಿಮೆಮಾಡುವ ಈ ಸಿರಪ್‌ಗಳು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ನೈಟ್ರೋಫ್ಯುರಾಂಟೊಯಿನ್ ಆಮ್ಲೀಯ ಮೂತ್ರದಲ್ಲಿ ಚೆನ್ನಾಗಿ ಕೆಲಸ ಮಾಡುವ ಔಷಧವಾದ್ದರಿಂದ, ಅದರ ಜತೆಗೆ ಇಂತಹ ಸಿರಪ್ ಕುಡಿದರೆ ಔಷಧದ ಶಕ್ತಿ ಕುಂದುತ್ತದೆ. ವೈದ್ಯರು ಒಂದನ್ನು ಬರೆದಿರುವಾಗ ನಾವು ಇನ್ನೊಂದನ್ನು ಸ್ವಂತವಾಗಿ ಸೇರಿಸಿಕೊಳ್ಳುವುದರಿಂದ ಆಗುವ ನಷ್ಟವಿದು. ಐದನೆಯದಾಗಿ, ಚೀಟಿ ತಂದ ಬಳಿಕ ಔಷಧವನ್ನು ಯಾವಾಗ, ಎಷ್ಟು ದಿನ, ಊಟದೊಂದಿಗೋ ಮೊದಲೋ ಎಂಬುದನ್ನು ಅವರಿಂದ ಕೇಳಿ ತಿಳಿಯಿರಿ. ನೈಟ್ರೋಫ್ಯುರಾಂಟೊಯಿನ್‌ನ್ನು ಆಹಾರದೊಂದಿಗೆ ಸೇವಿಸಬೇಕು. ಅದರಿಂದ ಮೂತ್ರವು ಕಡು ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಬಹುದು. ಇದನ್ನು ಯಾರೂ ಹೇಳದಿದ್ದರೆ, ಬಣ್ಣ ಕಂಡು ಹೆದರಿ ಅರ್ಧದಲ್ಲೇ ಮಾತ್ರೆ ನಿಲ್ಲಿಸುವ ಸಂಭವವಿದೆ.

ಈ ಸಹಾಯ ದೊರೆಯಬೇಕಾದರೆ ನೀವೂ ಬಾಯಿ ತೆರೆಯಬೇಕು. ಸಾಧ್ಯವಾದರೆ ಸ್ವತಃ ಹೋಗಿ. ಗಂಡನನ್ನೇ ಕಳುಹಿಸುವುದಿದ್ದರೆ ಒಂದು ಚೀಟಿಯಲ್ಲಿ ಬರೆದು ಕೊಡಿ: ವಯಸ್ಸು, ತೊಂದರೆ ಎಷ್ಟು ದಿನಗಳಿಂದ, ಜ್ವರವಿದೆಯೇ, ಗರ್ಭಿಣಿಯೇ, ಮಗುವಿಗೆ ಹಾಲುಣಿಸುತ್ತಿರುವಿರೇ, ಸಕ್ಕರೆ ಅಥವಾ ಕಿಡ್ನಿ ಕಾಯಿಲೆಯಿದೆಯೇ, ಯಾವ ಔಷಧಕ್ಕಾದರೂ ಅಲರ್ಜಿಯಿದೆಯೇ, ಈಗ ಯಾವ ಮಾತ್ರೆಗಳನ್ನು ಸೇವಿಸುತ್ತಿದ್ದೀರಿ, ಕಳೆದ ಆರು ತಿಂಗಳಲ್ಲಿ ಇದು ಎಷ್ಟನೆಯ ಬಾರಿ. ಬಿಳಿಸೆರಗು ಅಥವಾ ತುರಿಕೆಯಿದ್ದರೆ ಅದನ್ನೂ ಬರೆಯಿರಿ. ಆಗ ರೋಗವೇ ಬೇರೆಯಿರಬಹುದು.

ಕೆಲವು ಸಂದರ್ಭಗಳಲ್ಲಿ ಔಷಧಿ ಅಂಗಡಿಯಲ್ಲಿ ಕಾಲಹರಣ ಮಾಡಬಾರದು. ಚಳಿಜ್ವರ, ಪಕ್ಕೆಲುಬಿನ ಕೆಳಗೆ ಬೆನ್ನಿನ ಬದಿಯಲ್ಲಿ ನೋವು, ವಾಂತಿ - ಇವು ಸೋಂಕು ಕಿಡ್ನಿಗೆ ಏರಿರುವುದರ ಚಿಹ್ನೆಗಳು. ಮೂತ್ರದಲ್ಲಿ ರಕ್ತ ಕಂಡರೂ ವೈದ್ಯರನ್ನು ಕಾಣಬೇಕು. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಮಕ್ಕಳು ಮತ್ತು ವೃದ್ಧೆಯರು ನೇರವಾಗಿ ವೈದ್ಯರ ಬಳಿಗೆ ಹೋಗಬೇಕು. ಗರ್ಭಿಣಿಯರಲ್ಲಿ ಉರಿಯೇ ಇಲ್ಲದೆಯೂ ಸೋಂಕು ಇರಬಹುದು. ಚಿಕಿತ್ಸೆಯಿಲ್ಲದಿದ್ದರೆ ಅದು ಕಿಡ್ನಿಗೆ ಏರಬಹುದು, ಅವಧಿಗೆ ಮುಂಚೆ ಹೆರಿಗೆಯಾಗುವ ಅಪಾಯವೂ ಹೆಚ್ಚು. ಆದ್ದರಿಂದಲೇ ಗರ್ಭಿಣಿಯರ ತಪಾಸಣೆಯಲ್ಲಿ ಮೂತ್ರ ಪರೀಕ್ಷೆಯನ್ನು ಸೇರಿಸಲಾಗಿದೆ. ಅದನ್ನು ತಪ್ಪಿಸಬೇಡಿ.

ರಮಝಾನ್ ತಿಂಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಇಫ್ತಾರ್‌ನಿಂದ ಸಹರಿಯವರೆಗೆ ಸಾಕಷ್ಟು ನೀರು ಕುಡಿಯಿರಿ. ಕಡಿಮೆ ನೀರು ಕುಡಿಯುತ್ತಿದ್ದ, ಸೋಂಕು ಮರುಕಳಿಸುತ್ತಿದ್ದ ಮಹಿಳೆಯರು ದಿನಕ್ಕೆ ಒಂದೂವರೆ ಲೀಟರ್ ಹೆಚ್ಚುವರಿ ನೀರು ಕುಡಿದಾಗ ಸೋಂಕು ಸುಮಾರು ಅರ್ಧದಷ್ಟು ತಗ್ಗಿತೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಜ್ವರ ಬಂದು, ವೈದ್ಯರು ಉಪವಾಸ ಬೇಡವೆಂದರೆ ಹಟ ಹಿಡಿಯಬೇಡಿ. ರೋಗಿಗೆ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರ್ತಿಗೊಳಿಸುವ ರಿಯಾಯಿತಿಯನ್ನು ಪವಿತ್ರ ಕುರ್‌ಆನ್ ನೀಡಿದೆ. ಶುಚಿಯ ವಿಷಯದಲ್ಲೂ ಮಿತಿಯಿರಲಿ. ಮುಂದಿನಿಂದ ಹಿಂದಕ್ಕೆ ನೀರಿನಿಂದ ತೊಳೆಯುವುದು ಸಾಕು. ಡೆಟ್ಟಾಲ್, ಸುಗಂಧಭರಿತ ಸಾಬೂನುಗಳಿಂದ ಕೆರಳಿಕೆಯೇ ಹೆಚ್ಚುತ್ತದೆ.

ಈಗ ಔಷಧಿ ಅಂಗಡಿ ನಡೆಸುವ ಸಹೋದರರಿಗೆ ಒಂದು ಮಾತು. ಇಸ್ಲಾಮಿನ ಇತಿಹಾಸದಲ್ಲಿ ಮಾರುಕಟ್ಟೆಯ ಮೇಲ್ವಿಚಾರಣೆಗೆ ಮುಹ್ತಸಿಬ್ ಎಂಬ ಅಧಿಕಾರಿಯಿದ್ದರು. ತೂಕ ಅಳತೆಗಳಂತೆಯೇ ಔಷಧ ಮಾರುವವರೂ ಅವರ ತಪಾಸಣೆಗೆ ಒಳಪಡುತ್ತಿದ್ದರು. ಔಷಧ ವ್ಯಾಪಾರವು ಇತರ ವ್ಯಾಪಾರಗಳಂತಲ್ಲವೆಂದು ಆ ಸಮಾಜ ಅರಿತಿತ್ತು. ಇಂದು ಯಾರದೋ ಪ್ರಮಾಣಪತ್ರವನ್ನು ಬಾಡಿಗೆಗೆ ಪಡೆದು ಗೋಡೆಗೆ ತೂಗುಹಾಕಿ, ಕೌಂಟರಿನಲ್ಲಿ ತರಬೇತಿಯಿಲ್ಲದ ಹುಡುಗನನ್ನು ನಿಲ್ಲಿಸುವುದು ಅಪರೂಪವಲ್ಲ. ಇದು ಕಾನೂನಿನ ಮುಂದೆ ಅಪರಾಧ, ಅಲ್ಲಾಹನ ಮುಂದೆ ಅಮಾನತ್ತಿನ ದ್ರೋಹ. ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಕೊಡದ ಅಂಗಡಿಯವನಿಗೆ ಗಿರಾಕಿಯೊಬ್ಬ ತಪ್ಪಬಹುದು, ರಿಝ್ಕ್ ತಪ್ಪುವುದಿಲ್ಲ. ಅಂಗಡಿಯ ಮೂಲೆಯಲ್ಲಿ ಒಂದು ಪರದೆ, ಎರಡು ಕುರ್ಚಿ ಹಾಕಲು ಹೆಚ್ಚಿನ ಖರ್ಚಿಲ್ಲ. ಮಹಿಳಾ ಫಾರ್ಮಸಿಸ್ಟರನ್ನು ನೇಮಿಸಿಕೊಂಡರೆ ಊರಿನ ಅರ್ಧದಷ್ಟು ಜನರ ಸಂಕೋಚ ತಾನಾಗಿ ಕರಗುತ್ತದೆ. ಪಿಯುಸಿಯಲ್ಲಿ ವಿಜ್ಞಾನ ಓದಿದ ನಮ್ಮ ಹೆಣ್ಣುಮಕ್ಕಳು ಎರಡು ವರ್ಷದ ಡಿ.ಫಾರ್ಮ್ ಶಿಕ್ಷಣ ಪಡೆದು, ಅದರ ತರಬೇತಿ ಮುಗಿಸಿ ನೋಂದಾಯಿಸಿಕೊಂಡರೆ ಈ ಕೆಲಸಕ್ಕೆ ಅರ್ಹರಾಗುತ್ತಾರೆ. ಹೆತ್ತವರು ಈ ದಿಸೆಯಲ್ಲಿ ಯೋಚಿಸಬೇಕು.

ಹೊಣೆಗಾರಿಕೆ ವ್ಯಕ್ತಿಗಳಲ್ಲೇ ಮುಗಿಯುವುದಿಲ್ಲ. ಪೇಟೆಗೆ ಹೊರಟ ಮಹಿಳೆ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಏಕೆಂದರೆ ಅಲ್ಲಿ ಬಳಸಲು ಯೋಗ್ಯವಾದ ಶೌಚಾಲಯವಿಲ್ಲ. ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲದ ಕಾರಣ ಹೆಣ್ಣುಮಕ್ಕಳು ಸಂಜೆಯವರೆಗೆ ತಡೆಹಿಡಿಯುತ್ತಾರೆ. ಬೀಡಿ ಸುತ್ತುವ, ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಸಹೋದರಿಯರು ಲೆಕ್ಕ ತಪ್ಪೀತೆಂದು ಎದ್ದುಹೋಗುವುದಿಲ್ಲ. ಮಹಿಳಾ ಸಬಲೀಕರಣದ ಜಾಹೀರಾತಿಗೆ ಹಣ ಸುರಿಯುವ ಸರಕಾರಗಳೂ, ತೆರಿಗೆ ವಸೂಲಿ ಮಾಡುವ ಪುರಸಭೆಗಳೂ ಮೊದಲು ಬಸ್ ನಿಲ್ದಾಣದ, ಮಾರುಕಟ್ಟೆಯ ಶೌಚಾಲಯಕ್ಕೆ ನೀರು ಮತ್ತು ಚಿಲಕ ಒದಗಿಸಲಿ. ನಾವು ಸರಕಾರವನ್ನು ಮಾತ್ರ ಪ್ರಶ್ನಿಸಿದರೆ ಸಾಲದು. ಹೆದ್ದಾರಿ ಬದಿಯ ನಮ್ಮ ಎಷ್ಟು ಮಸೀದಿಗಳಲ್ಲಿ ಪ್ರಯಾಣಿಕ ಮಹಿಳೆಯರಿಗೆ ಶೌಚಾಲಯ ಮತ್ತು ವುಝೂವಿನ ಸೌಕರ್ಯವಿದೆ? ಜಮಾಅತ್ ಕಮಿಟಿಗಳು ಇದನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ವೈದ್ಯರ ಶುಲ್ಕಕ್ಕೆ ಅಂಜಿಯೇ ಅನೇಕರು ಮೆಡಿಕಲ್‌ನತ್ತ ತಿರುಗುತ್ತಾರೆ. ರಾಜ್ಯದಲ್ಲಿ 2022ರ ಡಿಸೆಂಬರ್‌ನಲ್ಲಿ ಆರಂಭವಾದ 'ನಮ್ಮ ಕ್ಲಿನಿಕ್'ಗಳೂ, ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಇರುವುದು ಇಂಥವರಿಗಾಗಿಯೇ. ಅವುಗಳನ್ನು ಬಳಸಿಕೊಳ್ಳಿ, ಔಷಧ ಅಥವಾ ಸಿಬ್ಬಂದಿ ಇಲ್ಲದಿದ್ದರೆ ಪ್ರಶ್ನಿಸಿ. ಸರಕಾರವು ಫಾರ್ಮಸಿಸ್ಟರಿಗೆ ತರಬೇತಿ ನೀಡಿ, ಲಿಖಿತ ನಿಯಮಗಳಿಗೆ ಒಳಪಡಿಸಿ, ಸಮೀಪದ ಆರೋಗ್ಯ ಕೇಂದ್ರದೊಂದಿಗೆ ಜೋಡಿಸುವ ಯೋಜನೆಯೊಂದನ್ನು ರೂಪಿಸಬೇಕೆಂದು ನಾವು ಒತ್ತಾಯಿಸಬಹುದು. ಆದರೆ ಅಂತಹ ವ್ಯವಸ್ಥೆಯಿಲ್ಲದೆ ಈಗ ನಡೆಯುತ್ತಿರುವ ಚೀಟಿರಹಿತ ಮಾರಾಟವನ್ನೇ ಸೌಲಭ್ಯವೆಂದು ಭ್ರಮಿಸುವುದು ಬೇಡ.

ಕೊನೆಯದಾಗಿ ಪುರುಷರಲ್ಲಿ ಒಂದು ಕೋರಿಕೆ. ಮನೆಯೊಡತಿ ರಾತ್ರಿಯಿಡೀ ಎದ್ದು ನಡೆದಾಡುತ್ತಿದ್ದರೆ ಕಾರಣ ಕೇಳಿ. ನಿಮ್ಮ ಅಮ್ಮನೋ, ಅಕ್ಕತಂಗಿಯರೋ, ಮಗಳೋ ಈ ನೋವನ್ನು ಹೇಳಿಕೊಂಡಾಗ ಮುಖ ತಿರುಗಿಸಬೇಡಿ. ಅವರನ್ನು ಅಂಗಡಿಗೆ, ಅಲ್ಲಿಂದ ವೈದ್ಯರ ಬಳಿಗೆ ಜತೆಯಾಗಿ ಕರೆದೊಯ್ಯಿರಿ. ಕುಟುಂಬದೊಂದಿಗೆ ಉತ್ತಮವಾಗಿ ವರ್ತಿಸುವವನೇ ಉತ್ತಮನೆಂಬ ಪ್ರವಾದಿಯವರ(ಸ) ಬೋಧನೆಯನ್ನು ಪಾಲಿಸುವ ಅವಕಾಶ ಇಂತಹ ಸಣ್ಣ ಸಂದರ್ಭಗಳಲ್ಲೇ ಒದಗಿಬರುತ್ತದೆ.

ನಮ್ಮ ಮನೆಗಳ ಮಹಿಳೆಯರಿಗೆ ಅಲ್ಲಾಹನು ಆರೋಗ್ಯವನ್ನೂ, ನಮಗೆಲ್ಲರಿಗೂ ಅವರ ನೋವನ್ನು ಅರಿಯುವ ಹೃದಯವನ್ನೂ ಕರುಣಿಸಲಿ. ಆಮೀನ್.

ವಆಖಿರು ದಅವಾನಾ ಅನಿಲ್ ಹಮ್ದು ಲಿಲ್ಲಾಹಿ ರಬ್ಬಿಲ್ ಆಲಮೀನ್.